ಗೋರಿಲೀಸರ್ ಜೊತೆ ಮೂರು ವರ್ಷ: ತಿದ್ದಿದ ಅರ್ಕಾವತ್ತು ಶಾಲೆಗೆ ಮುಟ್ಟುವವರೆಗೆ

ನನ್ನ ಮನೆ ಕಾಸರಗೋಡಿನ ನೀರ್ಚಾಲು. ಹತ್ತಿರದ ಬದಿಯಡ್ಕದಲ್ಲಿ ಪರಿಚಯದ ಒಂದು ಪ್ರೆಸ್ ಇದೆ. ಸುತ್ತಲಿನ ಊರುಗಳ ಬ್ರಹ್ಮಕಲಶೋತ್ಸವದ ಆಮಂತ್ರಣ, ಶಾಲೆಗಳ ಸ್ಮರಣ ಸಂಚಿಕೆ, ಯಕ್ಷಗಾನ ಪ್ರಸಂಗದ ಪುಸ್ತಕ ಎಲ್ಲ ಅಲ್ಲೇ ಅಚ್ಚಾಗುತ್ತವೆ. ಇಪ್ಪತ್ತು ವರ್ಷದ ಕೆಲಸ ಅವರ ಹಾರ್ಡ್ ಡಿಸ್ಕಿನಲ್ಲಿದೆ. ಹೆಚ್ಚಿನದೆಲ್ಲ ಹಳೆ ನುಡಿ, ಬರಹ ಫಾಂಟ್‌ಗಳಲ್ಲಿ. ಆ ಫೈಲನ್ನು ಫೋನಿನಲ್ಲಿ ತೆರೆದರೆ ಕನ್ನಡವೇ ಕಾಣುವುದಿಲ್ಲ. ಹುಡುಕಿದರೆ ಒಂದು ಪದವೂ ಸಿಗುವುದಿಲ್ಲ. ಅದನ್ನು ಎಲ್ಲ ಕಂಪ್ಯೂಟರ್, ಫೋನಿಗೂ ಅರ್ಥವಾಗುವ ಯೂನಿಕೋಡ್‌ಗೆ ಬದಲಿಸಲು ನಾನು ಗೋ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಕಮಾಂಡ್ ಲೈನ್ ಟೂಲ್ ಬರೆದೆ. ಕಪ್ಪು ಪರದೆಯಲ್ಲಿ ಒಂದು ಸಾಲು ಟೈಪ್ ಮಾಡಿದರೆ ಸಾಕು, ಇಡೀ ಫೋಲ್ಡರ್ ಬದಲಾಗುತ್ತದೆ.

ಬರೆದದ್ದಕ್ಕಿಂತ ಜಾಸ್ತಿ ಕಷ್ಟವಾದದ್ದು ಅದನ್ನು ಜನರ ಕೈಗೆ ಮುಟ್ಟಿಸುವುದು. ಪ್ರೆಸ್‌ನಲ್ಲಿ ಎರಡು ಕಂಪ್ಯೂಟರ್. ಒಂದರಲ್ಲಿ ವಿಂಡೋಸ್ 11, ಇನ್ನೊಂದರಲ್ಲಿ ಪುಟ ಜೋಡಿಸುವ ಪೇಜ್‌ಮೇಕರ್‌ಗಾಗಿ ಉಳಿಸಿಕೊಂಡ ವಿಂಡೋಸ್ 7. ನಮ್ಮ ಕನ್ನಡ ಮಾಧ್ಯಮ ಶಾಲೆಯ ಲ್ಯಾಪ್‌ಟಾಪ್‌ಗಳಲ್ಲಿ ಕೇರಳದ ಉಳಿದ ಶಾಲೆಗಳ ಹಾಗೆ ಸರ್ಕಾರದ ಕೈಟ್ ಸಂಸ್ಥೆ ಕೊಡುವ ಉಬುಂಟು ಆಧಾರಿತ ಲಿನಕ್ಸ್. ಬೆಂಗಳೂರಿನಲ್ಲಿರುವ ಅಕ್ಕನ ಮಗನದ್ದು ಮ್ಯಾಕ್. ಇಷ್ಟು ಜನರಿಗೆ ಮೊದಲು ಪೆನ್‌ಡ್ರೈವ್‌ನಲ್ಲಿ ಕೊಡುತ್ತಿದ್ದೆ. ಯಾರ ಹತ್ತಿರ ಯಾವ ಆವೃತ್ತಿ ಇದೆ ಅಂತ ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ.

2022ರಲ್ಲಿ ಗೋರಿಲೀಸರ್ ಹಿಡಿದೆ. ಬ್ರೆಜಿಲ್‌ನ ಕಾರ್ಲೋಸ್ ಬೆಕರ್ ಶುರು ಮಾಡಿದ, ನಾವು ಬರೆದ ಟೂಲನ್ನು ಕಟ್ಟಿ ಬಿಡುಗಡೆ ಮಾಡಿಕೊಡುವ ಮುಕ್ತ ತಂತ್ರಾಂಶ ಅದು. ಕೆಲಸ ಹೇಳುವುದು ಸುಲಭ. ಪ್ರಾಜೆಕ್ಟಿನಲ್ಲಿ ಒಂದು ಯಾಮಲ್ (ಸೆಟ್ಟಿಂಗ್‌ಗಳ) ಫೈಲ್ ಬರೆದಿಡಬೇಕು. ಆಮೇಲೆ ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ ಹೊಸ ಆವೃತ್ತಿಯ ಟ್ಯಾಗ್ (ಸಂಖ್ಯೆಯ ಗುರುತು) ಹಾಕಿ ಪುಶ್ ಮಾಡಿದರೆ, ಅಂದರೆ ಮೇಲೆ ಕಳಿಸಿದರೆ, ಆಯ್ತು. ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರಕ್ಕೂ, ಇಂಟೆಲ್ ಮತ್ತು ಆರ್ಮ್ ಎರಡಕ್ಕೂ ಬಿಲ್ಡ್ ಆಗುತ್ತದೆ, ಅಂದರೆ ಓಡುವ ಫೈಲ್ ತಯಾರಾಗುತ್ತದೆ. ಜಿಪ್ ಕಟ್ಟುತ್ತದೆ. ಪ್ರತಿ ಫೈಲಿನ ಎಸ್‌ಎಚ್‌ಎ-256 (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಲೆಕ್ಕ ಹಾಕಿ ಒಂದು ಪಟ್ಟಿ ಬರೆಯುತ್ತದೆ. ಮ್ಯಾಕ್‌ನವರಿಗೆ ಹೋಮ್‌ಬ್ರೂ ಟ್ಯಾಪ್, ವಿಂಡೋಸ್‌ನವರಿಗೆ ಸ್ಕೂಪ್ ಬಕೆಟ್, ಉಬುಂಟುವಿನವರಿಗೆ ಡೆಬ್ ಫೈಲ್, ಆರ್ಚ್ ಲಿನಕ್ಸ್‌ನವರಿಗೆ ಎಯುಆರ್ ಎಲ್ಲವನ್ನೂ ಅದೇ ಬರೆದು ಕಳಿಸುತ್ತದೆ. ಹೋಮ್‌ಬ್ರೂ, ಸ್ಕೂಪ್ ಅಂದರೆ ಟೂಲ್‌ಗಳನ್ನು ಇನ್‌ಸ್ಟಾಲ್ ಮಾಡಿ ಹೊಸದಾಗಿಸುವ ತಂತ್ರಾಂಶಗಳು. ಟ್ಯಾಪ್, ಬಕೆಟ್ ಅಂದರೆ ಅವು ನೋಡುವ ನಮ್ಮ ಪಟ್ಟಿಗಳು. ಎಯುಆರ್ ಆರ್ಚ್ ಬಳಕೆದಾರರೇ ನಡೆಸುವ ಭಂಡಾರ. ಇದೆಲ್ಲ ನಡೆಯುವುದು ಕೋಡ್ ಇಡುವ ಗಿಟ್‌ಹಬ್ ತಾಣದ ಆಕ್ಷನ್ಸ್ ಅನ್ನುವ ಸೇವೆಯ ಯಂತ್ರದಲ್ಲಿ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲಾಗದು. ಟ್ಯಾಗ್ ಒಮ್ಮೆ ಹೋಯಿತೆಂದರೆ ಮುಂದಿನದಕ್ಕೆ ಮನೆಯ ಕರೆಂಟ್ ಬೇಡ. ಇದು ನನಗೆ ದೊಡ್ಡ ಸಮಾಧಾನ.

ಆದರೆ ನಾಲ್ಕೂ ದಾರಿಗಳು ಒಂದೇ ಥರ ಅಲ್ಲ. ಅದು ನನಗೆ ಅರ್ಥವಾದದ್ದು ಒಂದು ಅರ್ಕಾವತ್ತಿನಿಂದ.

ಹಳೆ ಫಾಂಟ್‌ಗಳಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲಿ ಕೂತಿರುತ್ತವೆ. "ಕರ್ನಾಟಕ" ಅಂತ ಬರೆದರೆ ಮೊದಲು ಕ, ಆಮೇಲೆ ನಾ, ಅದರ ನಂತರ ಅರ್ಕಾವತ್ತು. ಯೂನಿಕೋಡ್‌ನಲ್ಲಿ ಉಚ್ಚರಿಸುವ ಕ್ರಮ. ರ್ ಮೊದಲು, ನಾ ಆಮೇಲೆ. ಹಾಗಾಗಿ ಬದಲಿಸುವಾಗ ಅರ್ಕಾವತ್ತನ್ನು ಹಿಂದಿನ ಅಕ್ಷರ ದಾಟಿಸಿ ಅದಕ್ಕಿಂತ ಮೊದಲು ಇಡಬೇಕು. ನನ್ನ ಕೋಡ್ ಅದನ್ನು ಮಾಡುತ್ತಿತ್ತು. ಆದರೆ ಅದೇ ಅಕ್ಷರಕ್ಕೆ ಒತ್ತಕ್ಷರವೂ ಇದ್ದರೆ ಒಂದು ತುಂಡು ಮಾತ್ರ ದಾಟಿ ಅಲ್ಲೇ ನಿಲ್ಲುತ್ತಿತ್ತು. "ಸಾಮರ್ಥ್ಯ", "ಅರ್ಘ್ಯ", "ಮರ್ತ್ಯ" ಎಲ್ಲ ಕೆಟ್ಟು ಹೋದವು. ಯಕ್ಷಗಾನದ ಪದ್ಯಗಳಲ್ಲಿ ಇಂಥ ಪದಗಳು ಎಷ್ಟು ಬರುತ್ತವೆ ಅಂತ ಓದಿದವರಿಗೆ ಗೊತ್ತು.

ತಪ್ಪು ತೋರಿಸಿದ್ದು ಪ್ರೆಸ್‌ನ ಅಣ್ಣ. "ಮಾರಾಯ, ಮರ್ತ್ಯಲೋಕ ಇಲ್ಲಿ ಮುರಿದು ಬಿದ್ದಿದೆ, ನೋಡು" ಅಂತ ಪುಟದ ಫೋಟೊ ಕಳಿಸಿದರು. ಎರಡು ಗಂಟೆಯಲ್ಲಿ ಸರಿ ಮಾಡಿದೆ. ಆ ರಾತ್ರಿಯೇ ಹೊಸ ಟ್ಯಾಗ್ ಹೋಯಿತು. ಬೆಳಿಗ್ಗೆ ಅವರು ಸ್ಕೂಪ್ ಅಪ್‌ಡೇಟ್ ಅಂತ ಟೈಪ್ ಮಾಡಿದರು. ಮಧ್ಯಾಹ್ನದೊಳಗೆ ಪ್ರಸಂಗದ ಪುಸ್ತಕ ಸರಿಯಾಯಿತು. ಅಷ್ಟು ಖುಷಿ ನನಗೆ ಟೂಲ್ ಬರೆದ ದಿನವೂ ಆಗಿರಲಿಲ್ಲ.

ನಾಲ್ಕು ತಿಂಗಳ ನಂತರ ಶಾಲೆಯ ವಾರ್ಷಿಕ ಸಂಚಿಕೆ ಕೈಗೆ ಬಂತು. ಮುನ್ನುಡಿಯಲ್ಲೇ "ಸಾಮರ್ಥ್ಯ" ಒಡೆದಿತ್ತು. ಅದೇ ಹಳೆ ತಪ್ಪು. ಕನ್ನಡ ಟೀಚರ್ ಕೇಳಿದರು, "ಅದು ಸರಿಯಾಗಿದೆ ಅಂದಿದ್ದಿರಲ್ಲ, ಅಲ್ವಾ?" ಹೌದು, ಸರಿಯಾಗಿತ್ತು. ಆದರೆ ಅವರ ಲ್ಯಾಪ್‌ಟಾಪ್‌ಗೆ ಮುಟ್ಟಿರಲಿಲ್ಲ. ಮಕ್ಕಳು ತಿಂಗಳುಗಟ್ಟಲೆ ಬರೆದ ಬರಹ, ಅಚ್ಚಾಗಿ ಮನೆ ಮನೆಗೆ ಹೋಗಿತ್ತು. ಇಲ್ಲಿ ಕನ್ನಡದಲ್ಲಿ ಅಚ್ಚಾಗುವುದೇ ಕಡಿಮೆ. ಅದರಲ್ಲಿ ನನ್ನ ತಪ್ಪಿನಿಂದ ಕನ್ನಡ ಒಡೆಯಿತಲ್ಲ ಅಂತ ತುಂಬಾ ಬೇಸರವಾಯಿತು.

ಕಾರಣ ಸರಳ. ಡೆಬ್ ಫೈಲ್ ಅಂದರೆ ಬರೀ ಒಂದು ಫೈಲ್. ಡೌನ್‌ಲೋಡ್ ಮಾಡಿ ಇನ್‌ಸ್ಟಾಲ್ ಮಾಡಿದರೆ ಕೆಲಸ ಮಾಡುತ್ತದೆ. ಆದರೆ ಹೊಸತು ಎಲ್ಲಿಂದ ತರಬೇಕು ಅಂತ ಆ ಕಂಪ್ಯೂಟರಿಗೆ ಗೊತ್ತಿಲ್ಲ. ಉಬುಂಟುವಿನಲ್ಲಿ ಇನ್‌ಸ್ಟಾಲ್, ಅಪ್‌ಡೇಟ್ ಮಾಡುವ ಆಪ್ಟ್ ನೋಡುವುದು ತನ್ನ ಪಟ್ಟಿಯಲ್ಲಿರುವ ಭಂಡಾರಗಳನ್ನು ಮಾತ್ರ. ಸ್ಕೂಪ್‌ನಲ್ಲಿ ಬಕೆಟ್ ಒಮ್ಮೆ ಸೇರಿಸಿದರೆ ಆ ದಾರಿ ಉಳಿಯುತ್ತದೆ. ಹೋಮ್‌ಬ್ರೂ ಟ್ಯಾಪ್ ಕೂಡ ಹಾಗೆಯೇ. ಡೆಬ್‌ಗೆ ಅಂಥ ದಾರಿ ನಾವೇ ಮಾಡಿಕೊಡಬೇಕು.

ಗೋರಿಲೀಸರ್‌ನ ಉಚಿತ ಆವೃತ್ತಿ ಡೆಬ್ ಮಾಡಿಕೊಡುತ್ತದೆ, ಆಪ್ಟ್ ಭಂಡಾರ ಕಟ್ಟಿಕೊಡುವುದಿಲ್ಲ. ನನ್ನ ದೊಡ್ಡ ದೂರು ಇದೊಂದೇ. ನಾನು ರೆಪ್ರೆಪ್ರೊ ಅನ್ನುವ ಟೂಲ್ ಬಳಸಿ ಭಂಡಾರ ಕಟ್ಟಿದೆ. ಅದರಲ್ಲಿ ಪ್ಯಾಕೇಜುಗಳ ಪಟ್ಟಿ ಇರುತ್ತದೆ, ಆ ಪಟ್ಟಿಗೆ ಅದು ನಮ್ಮದೇ ಅಂತ ತೋರಿಸುವ ಜಿಪಿಜಿ ಕೀಲಿಯ ಸಹಿ ಇರುತ್ತದೆ. ಎಲ್ಲ ಸಾದಾ ಫೈಲ್‌ಗಳು, ಯಾವ ಸ್ಥಿರ ವೆಬ್ ಜಾಗದಲ್ಲಿಯೂ ಇಡಬಹುದು. ಬಿಡುಗಡೆ ಮುಗಿದ ಮೇಲೆ ಇದನ್ನು ಮಾಡಲು ಸುಮಾರು ಇಪ್ಪತ್ತು ಸಾಲಿನ ಸ್ಕ್ರಿಪ್ಟ್ ಸೇರಿಸಿದೆ. ಶಾಲೆಯ ಐಟಿ ಕೆಲಸ ನೋಡಿಕೊಳ್ಳುವ ಎಸ್‌ಐಟಿಸಿ ಟೀಚರ್ ಜೊತೆ ಕೂತು ಪ್ರತಿ ಲ್ಯಾಪ್‌ಟಾಪ್‌ನಲ್ಲಿ ಕೀಲಿ ಹಾಕಿ ಭಂಡಾರದ ವಿಳಾಸ ಸೇರಿಸಿದೆವು. ಒಂದು ಶನಿವಾರ ಪೂರ್ತಿ ಹೋಯಿತು. ಆಮೇಲೆ ಸಿಸ್ಟಮ್ ಅಪ್‌ಡೇಟ್ ಮಾಡುವಾಗ ನಮ್ಮ ಟೂಲ್ ಕೂಡ ತಾನಾಗಿ ಹೊಸದಾಗುತ್ತಿದೆ. ಇದನ್ನು ಮೊದಲ ದಿನವೇ ಮಾಡಬೇಕಿತ್ತು.

ಡೆಬ್ ವಿಷಯದಲ್ಲಿ ಒಂದು ಮೆಚ್ಚುಗೆ ಹೇಳಲೇಬೇಕು. ಅದನ್ನು ಕಟ್ಟುವುದು ಎನ್‌ಎಫ್‌ಪಿಎಮ್ ಅನ್ನುವ ಒಳಗಿನ ಟೂಲ್. ಉಬುಂಟುವಿನ ಮೂಲವಾದ ಡೆಬಿಯನ್‌ನ ಯಾವ ಉಪಕರಣವೂ ಬೇಡ, ಮ್ಯಾಕ್‌ನಲ್ಲಿ ಕೂತರೂ ಡೆಬ್ ಕಟ್ಟಬಹುದು. ಬೇರೆ ಲಿನಕ್ಸ್‌ಗಳಿಗೆ ಬೇಕಾದ ಆರ್‌ಪಿಎಮ್, ಆಲ್ಪೈನ್‌ನ ಎಪಿಕೆ ಕೂಡ ಅದೇ ಸೆಟ್ಟಿಂಗ್‌ನಿಂದ ಬರುತ್ತವೆ. ಮ್ಯಾನ್ ಪೇಜ್ (ಕಮಾಂಡಿನ ಸಹಾಯ ಪುಟ) ಸೇರಿಸಲು ಎರಡು ಸಾಲು ಸಾಕಾಯಿತು. ನಾನು ಅದನ್ನು ಕನ್ನಡದಲ್ಲಿಯೇ ಬರೆದು ಹಾಕಿದ್ದೇನೆ.

ಇನ್ನು ನಾನು ಮಾಡಿದ ತಪ್ಪುಗಳು. ಒಮ್ಮೆ ಬಿಡುಗಡೆಯಾದ ಜಿಪ್‌ನಲ್ಲಿ ಒಂದು ಫೈಲ್ ಬಿಟ್ಟುಹೋಗಿತ್ತು. ಸುಮ್ನೆ ಅದೇ ಹೆಸರಿನಲ್ಲಿ ಹೊಸ ಜಿಪ್ ಹಾಕಿಬಿಟ್ಟೆ. ಪ್ರೆಸ್‌ನಲ್ಲಿ ಸ್ಕೂಪ್ ಇನ್‌ಸ್ಟಾಲ್ ಮಾಡಲು ಒಪ್ಪಲಿಲ್ಲ. ಬಕೆಟ್‌ನಲ್ಲಿ ಬರೆದ ಎಸ್‌ಎಚ್‌ಎ ಬೇರೆ, ಇಳಿದ ಫೈಲಿನದ್ದು ಬೇರೆ. ಸ್ಕೂಪ್ ಮಾಡಿದ್ದೇ ಸರಿ. ಯಾರೋ ನಡುವೆ ಫೈಲ್ ಬದಲಿಸಿದರೂ ಇದೇ ಥರ ಕಾಣುತ್ತದೆ. ಅಂದಿನಿಂದ ಒಂದು ಅಕ್ಷರ ಬದಲಾದರೂ ಹೊಸ ಸಂಖ್ಯೆ ಕೊಡುತ್ತೇನೆ.

ಇನ್ನೊಂದು ಟೋಕನ್ ವಿಷಯ. ಗಿಟ್‌ಹಬ್ ಆಕ್ಷನ್ಸ್ ತಾನಾಗಿ ಕೊಡುವ ಟೋಕನ್‌ಗೆ (ಪಾಸ್‌ವರ್ಡ್‌ನಂಥದ್ದು) ಆ ಒಂದು ಪ್ರಾಜೆಕ್ಟ್‌ನ ಒಳಗೆ ಮಾತ್ರ ಬರೆಯಲು ಅನುಮತಿ. ಟ್ಯಾಪ್ ಮತ್ತು ಬಕೆಟ್ ಬೇರೆ ಪ್ರಾಜೆಕ್ಟ್‌ಗಳು. ಅದಕ್ಕೆ ಬೇರೆ ಟೋಕನ್ ಮಾಡಿ ಕೊಡಬೇಕು. ಹೊಸಬರೆಲ್ಲ 403 (ಅನುಮತಿ ಇಲ್ಲ) ಅಂತ ನೋಡಿ ಗಾಬರಿಯಾಗುವುದು ಇಲ್ಲೇ. ನಾನು ಟೋಕನ್‌ಗೆ ಒಂದು ವರ್ಷದ ಅವಧಿ ಇಟ್ಟು ಮರೆತಿದ್ದೆ. ಅವಧಿ ಮುಗಿದ ಮೇಲೆ ಮಾಡಿದ ಬಿಡುಗಡೆ ಅರ್ಧಕ್ಕೆ ನಿಂತಿತು. ಜಿಪ್‌ಗಳು ಮೇಲೆ ಹೋದವು, ಬಕೆಟ್ ಹಳೆಯದೇ ಉಳಿಯಿತು. ಗೋರಿಲೀಸರ್‌ನಲ್ಲಿ ಎಲ್ಲ ಆಗಬೇಕು ಇಲ್ಲವೇ ಯಾವುದೂ ಆಗಬಾರದು ಅನ್ನುವ ವ್ಯವಸ್ಥೆ ಇಲ್ಲ. ಅರ್ಧಕ್ಕೆ ನಿಂತರೆ ಮುಂದಿನ ಸಂಖ್ಯೆಯ ಟ್ಯಾಗ್ ಹಾಕಿ ಮೊದಲಿನಿಂದ ಓಡಿಸುವುದೇ ಒಳ್ಳೆಯದು. ಟೋಕನ್ ಮುಗಿಯುವ ದಿನ ಈಗ ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆದಿದ್ದೇನೆ.

ವಿಂಡೋಸ್ 7ರ ಕಂಪ್ಯೂಟರ್‌ಗೆ ಬೇರೆ ಉಪಾಯ ಬೇಕಾಯಿತು. ಗೋ ಭಾಷೆ 1.20ರವರೆಗೆ ಮಾತ್ರ ವಿಂಡೋಸ್ 7ಕ್ಕೆ ಬೆಂಬಲ ಕೊಟ್ಟಿತು. 2023ರ ಆಗಸ್ಟ್‌ನಲ್ಲಿ ಬಂದ 1.21ಕ್ಕೆ ವಿಂಡೋಸ್ 10 ಬೇಕು. ಪೇಜ್‌ಮೇಕರ್ ಇರುವುದೂ ಬದಲಿಸಬೇಕಾದ ಫೈಲ್‌ಗಳು ಇರುವುದೂ ಅದೇ ಹಳೆ ಕಂಪ್ಯೂಟರ್‌ನಲ್ಲಿ, ಅದನ್ನು ಕೈಬಿಡುವ ಹಾಗಿಲ್ಲ. ಗೋರಿಲೀಸರ್‌ನಲ್ಲಿ ಒಂದು ಬಿಲ್ಡ್‌ಗೆ ಬೇರೆ ಗೋ ಆವೃತ್ತಿ ಕೊಡಬಹುದು. ಹಾಗೆ ಒಂದು ಪ್ರತ್ಯೇಕ ಜಿಪ್ ಹೊರಡಿಸುತ್ತೇನೆ. ಪ್ರೆಸ್‌ನ ಅಣ್ಣ ಅದನ್ನು ಕೈಯಾರೆ ಇಳಿಸಿಕೊಳ್ಳುತ್ತಾರೆ.

ವಿಂಡೋಸ್ 11ರಲ್ಲಿ ಸ್ಕೂಪ್‌ನಂಥದ್ದೇ ಆದ ವಿಂಗೆಟ್ ಮೊದಲೇ ಇರುತ್ತದೆ. ಸ್ಕೂಪ್‌ಗಾದರೆ ಮೊದಲು ಸ್ಕೂಪನ್ನೇ ಹಾಕಬೇಕು, ಪವರ್‌ಶೆಲ್‌ನಲ್ಲಿ ಸ್ಕ್ರಿಪ್ಟ್ ಓಡಿಸುವ ಅನುಮತಿ ಬದಲಿಸಬೇಕು. ಕಂಪ್ಯೂಟರ್ ಅಷ್ಟಾಗಿ ಗೊತ್ತಿಲ್ಲದವರಿಗೆ ವಿಂಗೆಟ್ ಸುಲಭ. ಆದರೆ ಅದು ಮೈಕ್ರೋಸಾಫ್ಟ್‌ನ ಸಾಮಾನ್ಯ ಭಂಡಾರ. ಪ್ರತಿ ಆವೃತ್ತಿಗೂ ಅಲ್ಲಿಗೆ ಪುಲ್ ರಿಕ್ವೆಸ್ಟ್ (ಇದನ್ನು ಸೇರಿಸಿ ಅನ್ನುವ ಕೋರಿಕೆ) ಹೋಗಬೇಕು, ಪರೀಕ್ಷೆಯಾಗಬೇಕು, ಆಮೇಲೆ ಸೇರುತ್ತದೆ. ಗೋರಿಲೀಸರ್ ಆ ರಿಕ್ವೆಸ್ಟ್ ತಾನೇ ತೆರೆಯುತ್ತದೆ. ನಾನು ಎರಡನ್ನೂ ಇಟ್ಟುಕೊಂಡಿದ್ದೇನೆ. ಅವಸರದ ತಿದ್ದುಪಡಿ ನನ್ನ ಸ್ವಂತ ಬಕೆಟ್‌ನಲ್ಲಿ ಕೆಲವೇ ನಿಮಿಷದಲ್ಲಿ ಸಿಗುತ್ತದೆ.

ಮ್ಯಾಕ್‌ಗೆ ಹೋಮ್‌ಬ್ರೂವಿನ ಮುಖ್ಯ ಭಂಡಾರ ನಮ್ಮಂಥವರಿಗೆ ದೂರ. ಟೂಲ್ ಬರೆದವರೇ ಸೇರಿಸಲು ಹೋದರೆ ಗಿಟ್‌ಹಬ್‌ನಲ್ಲಿ 225 ಸ್ಟಾರ್ (ಮೆಚ್ಚುಗೆ) ಅಥವಾ 90 ಫೋರ್ಕ್‌ (ಬೇರೆಯವರು ಮಾಡಿಕೊಂಡ ಪ್ರತಿ) ಇಂಥ ಗುರುತು ಇರಬೇಕು. ಹಳೆ ಕನ್ನಡ ಫಾಂಟ್ ಬದಲಿಸುವ ಟೂಲ್‌ಗೆ ಅಷ್ಟು ಎಲ್ಲಿಂದ ಬರಬೇಕು? ಸ್ವಂತ ಟ್ಯಾಪ್ ಸಾಕು. ಅಲ್ಲಿಯೂ ಒಂದು ಬದಲಾವಣೆ ಬಂದಿದೆ. 2025ರ ಜೂನ್‌ನಲ್ಲಿ ಬಂದ 2.10ರಲ್ಲಿ ಗೋರಿಲೀಸರ್ ಹಳೆ ಫಾರ್ಮುಲಾ ದಾರಿಯನ್ನು ಬಿಡಲು ಹೇಳಿ ಕ್ಯಾಸ್ಕ್ ದಾರಿ ತಂದಿತು. ಫಾರ್ಮುಲಾ ಇರುವುದು ಮೂಲ ಕೋಡ್‌ನಿಂದ ಕಟ್ಟಲು, ಮೊದಲೇ ಕಟ್ಟಿ ಮುಗಿಸಿದ ಬೈನರಿಗೆ ಕ್ಯಾಸ್ಕ್. ಅವರ ಕಾರಣ ಸರಿ. ಆದರೆ ಕ್ಯಾಸ್ಕ್‌ನಿಂದ ಬಂದ ಫೈಲಿಗೆ ಮ್ಯಾಕ್‌ನ ಕ್ವಾರಂಟೈನ್ (ಹೊರಗಿನಿಂದ ಬಂದದ್ದು ಅನ್ನುವ) ಗುರುತು ಬೀಳುತ್ತದೆ. ಆಪಲ್‌ನ ಸಹಿ ಇಲ್ಲದಿದ್ದರೆ ಓಡುವುದಿಲ್ಲ. ಸಹಿಗೆ ವರ್ಷಕ್ಕೆ 99 ಡಾಲರ್. ಬೆರಳೆಣಿಕೆಯ ಮ್ಯಾಕ್ ಬಳಕೆದಾರರಿಗಾಗಿ ನಾನು ಅಷ್ಟು ಕೊಡಲಾರೆ. ಗೋರಿಲೀಸರ್ ಕೈಪಿಡಿಯಲ್ಲೇ ಇರುವ ಹಾಗೆ, ಇನ್‌ಸ್ಟಾಲ್ ಆದ ಮೇಲೆ ಆ ಗುರುತು ತೆಗೆಯುವ ಒಂದು ಸಾಲು ಸೇರಿಸಿದ್ದೇನೆ. ಸದ್ಯಕ್ಕೆ ನಡೆಯುತ್ತಿದೆ, ಆದರೆ ಇದು ನನಗೆ ಪೂರ್ತಿ ಒಪ್ಪಿಗೆಯ ದಾರಿ ಅಲ್ಲ.

ಇಂಥ ಬದಲಾವಣೆಗಳು ಆಗಾಗ ಬರುತ್ತಲೇ ಇರುತ್ತವೆ. 2024ರ ಜೂನ್‌ನಲ್ಲಿ ಆವೃತ್ತಿ 2 ಬಂದಾಗ ಹಳೆ ಆಯ್ಕೆಗಳು ಹೋದವು, ಯಾಮಲ್‌ನ ಮೇಲೆ ಆವೃತ್ತಿಯ ಸಾಲು ಸೇರಿಸಬೇಕಾಯಿತು. ಚೆಕ್ ಅನ್ನುವ ಕಮಾಂಡ್ ಓಡಿಸಿದರೆ ಯಾವುದು ಹಳೆಯದಾಗಿದೆ ಅಂತ ಅದೇ ಹೇಳುತ್ತದೆ. ನನಗೆ ಅರ್ಧ ಗಂಟೆ ಸಾಕಾಯಿತು. ವರ್ಷಕ್ಕೊಮ್ಮೆ ಇಷ್ಟು ಸಮಯ ಕೊಡಲು ಆಗದವರು ಯೋಚಿಸಿ ಹಿಡಿಯಿರಿ.

ದುಡ್ಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಉಚಿತ ಆವೃತ್ತಿ ಎಮ್‌ಐಟಿ ಅನ್ನುವ ಮುಕ್ತ ಪರವಾನಗಿಯದ್ದು. ಪ್ರೊ ಆವೃತ್ತಿಗೆ ಹಣ ಕೊಡಬೇಕು. ವಿಂಡೋಸ್‌ನ ಎಮ್‌ಎಸ್‌ಐ (ಇನ್‌ಸ್ಟಾಲರ್ ಫೈಲ್) ಕಟ್ಟುವುದು ಪ್ರೊದಲ್ಲಿ ಮಾತ್ರ. ನನಗೆ ಈವರೆಗೆ ಬೇಕಾಗಿಲ್ಲ. ಗೋ ಬಾರದವರೂ ಈಗ ಬಳಸಬಹುದು, 2.5ರಿಂದ ರಸ್ಟ್ ಮತ್ತು ಜಿಗ್ ಭಾಷೆಗಳಿಗೂ ಬಿಲ್ಡ್ ಮಾಡುತ್ತದೆ.

ಶುರು ಮಾಡುವವರಿಗೆ ಒಂದು ಮಾತು. ಟ್ಯಾಗ್ ಹಾಕುವ ಮೊದಲು ಸ್ನ್ಯಾಪ್‌ಶಾಟ್ ಆಯ್ಕೆಯಲ್ಲಿ ಓಡಿಸಿ. ಎಲ್ಲವೂ ಕಟ್ಟಿಕೊಳ್ಳುತ್ತದೆ, ಎಲ್ಲಿಗೂ ಹೋಗುವುದಿಲ್ಲ. ಆಮೇಲೆ ನಿಮ್ಮ ಕಂಪ್ಯೂಟರ್ ಬಿಟ್ಟು ಬೇರೆಯದರಲ್ಲಿ ಮೊದಲು ಹಳೆ ಆವೃತ್ತಿ ಹಾಕಿ, ಅದರ ಮೇಲೆ ಹೊಸತಕ್ಕೆ ಅಪ್‌ಡೇಟ್ ಮಾಡಿ ನೋಡಿ. ಬರೀ ಇನ್‌ಸ್ಟಾಲ್ ಆಯಿತಾ ಅಂತ ನೋಡಿದ್ದಕ್ಕೇ ನಾನು ಶಾಲೆಯ ವಿಷಯದಲ್ಲಿ ಎಡವಿದ್ದು.

ಐದರಲ್ಲಿ ನಾಲ್ಕು ಕೊಡುತ್ತೇನೆ. ಇಲ್ಲಿ ಶಾಲೆ ತೆರೆಯುವುದು ಜೂನ್‌ನಲ್ಲಿ. ಮೇ ಕೊನೆಯ ವಾರ ಒಂದು ಬಿಡುಗಡೆ ಮಾಡಿ ಎಸ್‌ಐಟಿಸಿ ಟೀಚರ್‌ಗೆ ಹೇಳುವುದು ಈಗ ರೂಢಿ. ಕಳೆದ ಸಲ ಅವರು ಅಪ್‌ಡೇಟ್ ಮಾಡಿ, "ಸಾಮರ್ಥ್ಯ" ಅಂತ ಒಂದೇ ಪದ ಬದಲಿಸಿ, ಅದರ ಫೋಟೊ ನನಗೆ ಕಳಿಸಿದರು.