ಕೋಡಿಂಗ್ ಇಂಟರ್‌ವ್ಯೂಗೆ ಪೈಥಾನಾ, ಜಾವಾನಾ?

45 ನಿಮಿಷದ ಸುತ್ತಿನಲ್ಲಿ ಟೈಪಿಂಗ್ ಕಡಿಮೆಯಾದಷ್ಟೂ ಯೋಚನೆಗೆ ಸಮಯ ಜಾಸ್ತಿ. ಇಲ್ಲಿ ಪೈಥಾನ್ ಗೆಲ್ಲುತ್ತದೆ. ಸಂಖ್ಯೆ ಎಷ್ಟು ದೊಡ್ಡದಾದರೂ ಅದಕ್ಕೆ ತಲೆನೋವಿಲ್ಲ. ಜಾವಾದಲ್ಲಿ ಪೂರ್ಣಾಂಕ ಇಡುವ ಇಂಟ್‌ನಲ್ಲಿ 2147483647ಕ್ಕೆ ಒಂದು ಕೂಡಿಸಿ ನೋಡಿ, ಸದ್ದಿಲ್ಲದೆ ಮೈನಸ್‌ಗೆ ಹೋಗಿಬಿಡುತ್ತದೆ.

ಆದರೆ ಪೈಥಾನಿನಲ್ಲೂ ಕೊಕ್ಕೆಗಳಿವೆ. ರಿಕರ್ಷನ್ (ಫಂಕ್ಷನ್ ತನ್ನನ್ನೇ ಮತ್ತೆ ಕರೆಯುವುದು) ಮಿತಿ ಮಾಮೂಲಾಗಿ 1000. ಉದ್ದದ ಲಿಂಕ್ಡ್ ಲಿಸ್ಟ್ (ಒಂದಕ್ಕೊಂದು ಕೊಂಡಿ ಹಾಕಿದ ಪಟ್ಟಿ) ಮೇಲೆ ರಿಕರ್ಷನ್ ಬರೆದರೆ ಅಲ್ಲೇ ಮುಗ್ಗರಿಸುತ್ತೀರಿ. ಕೀಗಳನ್ನು ಸದಾ ವಿಂಗಡಿಸಿಡುವ ಟ್ರೀಮ್ಯಾಪ್ ಜಾವಾದಲ್ಲಿ ರೆಡಿ ಇದೆ. ಪೈಥಾನಿನ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ ಅಂಥದ್ದಿಲ್ಲ.

ಸ್ಪ್ರಿಂಗ್ ಬೂಟ್ (ಜಾವಾದ ಬ್ಯಾಕೆಂಡ್ ಫ್ರೇಮ್‌ವರ್ಕ್) ಕೆಲಸಕ್ಕೆ ಹೋಗುವವರು ಜಾವಾವನ್ನೇ ಹಿಡಿಯಿರಿ. ಕೀ-ವ್ಯಾಲ್ಯೂ ಜೋಡಿ ಇಡುವ ಹ್ಯಾಶ್‌ಮ್ಯಾಪ್ ಒಳಗೆ ಹೇಗೆ ಕೆಲಸ ಮಾಡುತ್ತದೆ ಅಂತ ಹೇಗೂ ಕೇಳುತ್ತಾರೆ, ಅಲ್ವಾ? ಉಳಿದವರಿಗೆ ನನ್ನ ಓಟು ಪೈಥಾನಿಗೆ. ಇಂಟರ್‌ವ್ಯೂಗೆ ಎರಡೇ ವಾರ ಉಳಿದಿದ್ದರೆ ಮಾತ್ರ ಸುಮ್ನೆ ಭಾಷೆ ಬದಲಿಸಬೇಡಿ.