ಒಂದೇ ಶುಗರ್ ಮಾತ್ರೆ ಎರಡು ಹೆಸರಲ್ಲಿ ಮನೆಗೆ ಬಂದಿತ್ತು

ಮನೆಯಲ್ಲಿ ಶುಗರ್, ಬಿಪಿ ಇರುವ ಹಿರಿಯರಿದ್ದಾರಾ? ಅವರನ್ನು ನಾಲ್ಕೈದು ಡಾಕ್ಟರ್ ಕೂರುವ ಪಾಲಿಕ್ಲಿನಿಕ್‌ಗೆ ಕರೆದುಕೊಂಡು ಹೋಗುತ್ತೀರಾ? ಹಾಗಿದ್ದರೆ ದಯವಿಟ್ಟು ಇದನ್ನು ಓದಿ. ಓದಿದ ಮೇಲೆ ಮಾತ್ರೆ ಡಬ್ಬಿ ತೆಗೆದು ನೋಡಿ.

ಅಮ್ಮನಿಗೆ 68 ವರ್ಷ. ಮೈಸೂರಿನಲ್ಲಿ ಮನೆ ಹತ್ತಿರದ ಪಾಲಿಕ್ಲಿನಿಕ್‌ನಲ್ಲೇ ಆರು ವರ್ಷದಿಂದ ತೋರಿಸುತ್ತಿದ್ದೆವು. ಫಿಜಿಶಿಯನ್, ಮೂಳೆ ಡಾಕ್ಟರ್, ಲ್ಯಾಬ್ ಎಲ್ಲ ಒಂದೇ ಕಡೆ. ಅಮ್ಮನ ಫೈಲೂ ಅಲ್ಲೇ ಇರುತ್ತದೆ. ಅದೇ ನಮಗೆ ಧೈರ್ಯ.

ಕಳೆದ ಮಳೆಗಾಲದಲ್ಲಿ ಒಮ್ಮೆ ಹೋದಾಗ ಮಾಮೂಲಿ ಡಾಕ್ಟರ್ ರಜೆಯಲ್ಲಿದ್ದರು. ಇನ್ನೊಬ್ಬರು ನೋಡಿದರು. ಶುಗರ್ ಜಾಸ್ತಿ ಇದೆ ಎಂದು ಹೊಸ ಮಾತ್ರೆ ಬರೆದರು. ಫೈಲ್ ಅವರ ಮುಂದೆಯೇ ಇತ್ತು. ಆದರೆ ತೆರೆದದ್ದು ಕೊನೆಯ ಹಾಳೆ ಮಾತ್ರ, ಅದು ಮಂಡಿನೋವಿಗೆ ಮೂಳೆ ಡಾಕ್ಟರ್ ಬರೆದದ್ದು. ಹಳೇ ಶುಗರ್ ಮಾತ್ರೆ ನಿಲ್ಲಿಸಿ ಅಂತ ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಒಂಬತ್ತನೇ ದಿನ ಬೆಳಗಿನ ಜಾವ ಅಮ್ಮನ ರೂಮಿನಿಂದ ಏನೋ ಬಿದ್ದ ಸದ್ದು. ಹೋಗಿ ನೋಡಿದರೆ ಮಂಚದ ಅಂಚಲ್ಲಿ ಕೂತಿದ್ದಾರೆ. ರವಿಕೆ ಬೆವರಿಗೆ ತೊಯ್ದು ಹೋಗಿದೆ, ಕೈ ತಣ್ಣಗಿದೆ, ಮಾತು ತೊದಲುತ್ತಿದೆ. ನನ್ನನ್ನೇ "ಯಾರು ನೀನು" ಅಂದರು. ಸ್ಟ್ರೋಕ್ ಅಂದುಕೊಂಡು ನನ್ನ ಜೀವವೇ ಹಾರಿತು. ನನ್ನ ಹೆಂಡತಿ ಗ್ಲುಕೋಮೀಟರ್ ತಂದು ಚುಚ್ಚಿದಳು. 42. ಶುಗರ್ 70ಕ್ಕಿಂತ ಕೆಳಗಿಳಿದರೇ ಕಡಿಮೆ, 54ಕ್ಕಿಂತ ಕೆಳಗೆ ಅಪಾಯ. ಎಚ್ಚರವಿದ್ದದ್ದರಿಂದ ಸಕ್ಕರೆ ನೀರು ಕುಡಿಸಿ ಆಸ್ಪತ್ರೆಗೆ ಓಡಿದೆವು. (ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಸುರಿಯಬೇಡಿ, ಉಸಿರಿನ ಕೊಳವೆಗೆ ಹೋಗುತ್ತದೆ.)

ಎಮರ್ಜೆನ್ಸಿಯಲ್ಲಿದ್ದ ನರ್ಸ್ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟರು. ಎರಡು ಸ್ಟ್ರಿಪ್ ಎತ್ತಿ ನನ್ನ ಕೈಗೆ ಕೊಟ್ಟರು. ಒಂದು ಹಸಿರು, ಒಂದು ಬೆಳ್ಳಿ ಬಣ್ಣ. ಕಂಪನಿ ಬೇರೆ, ಹೆಸರು ಬೇರೆ. ಆದರೆ ಒಳಗಿದ್ದದ್ದು ಎರಡರಲ್ಲೂ ಒಂದೇ, ಗ್ಲಿಮೆಪಿರೈಡ್ 2 ಮಿಲಿಗ್ರಾಂ. ಅಮ್ಮ ದಿನಾ ಎರಡನ್ನೂ ತಪ್ಪದೆ ನುಂಗಿದ್ದರು. ಈ ಔಷಧಿ ದೇಹದಲ್ಲಿ ತುಂಬಾ ಹೊತ್ತು ಕೆಲಸ ಮಾಡುವುದರಿಂದ ಶುಗರ್ ಮತ್ತೆ ಇಳಿಯಬಹುದು ಎಂದು ಒಂದು ದಿನ ಗ್ಲುಕೋಸ್ ಹಾಕಿ ಇಟ್ಟುಕೊಂಡರು. ಕಿಡ್ನಿ ಹೇಗಿದೆ ಎಂದು ರಕ್ತದಲ್ಲಿ ನೋಡುವ ಕ್ರಿಯಾಟಿನಿನ್ ಕೂಡ ಏರಿತ್ತು. ಬಿಪಿ ಮಾತ್ರೆಯ ಜೊತೆ ನೋವಿನ ಮಾತ್ರೆ ದಿನಾ ತಗೊಂಡರೆ ಕಿಡ್ನಿಗೆ ಪೆಟ್ಟು ಬೀಳಬಹುದು ಅಂತ ನನಗೆ ಗೊತ್ತಾದದ್ದೇ ಅಲ್ಲಿ.

ಕ್ಲಿನಿಕ್‌ಗೆ ಹೋಗಿ ಕೇಳಿದೆ. "ಹಳೇ ಚೀಟಿ ನೀವು ತೋರಿಸಬೇಕಿತ್ತು" ಅಂದರು. ಚೀಟಿ ಇದ್ದದ್ದು ಅವರದೇ ಫೈಲಿನಲ್ಲಿ! ಫೈಲಿನ ಕಾಪಿ ಕೇಳಿದರೆ ಕೊಡಲ್ಲ ಅಂದರು. ದಾಖಲೆ ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ 2002ರ ಭಾರತೀಯ ವೈದ್ಯಕೀಯ ಮಂಡಳಿಯ ನಿಯಮದಲ್ಲೇ ಇದೆ. ಅದನ್ನು ಬರೆದು ಕೊಟ್ಟ ಮೇಲೆ ಕಾಪಿ ಬಂತು.

ನನಗೆ ಆ ಡಾಕ್ಟರ್ ಒಬ್ಬರ ಮೇಲೆ ಸಿಟ್ಟಿಲ್ಲ. ಹೊರಗೆ ನಲವತ್ತು ಜನ ಕಾಯುತ್ತಿದ್ದರು. ಆದರೆ ಐದು ಡಾಕ್ಟರ್ ಸೇರಿ ನಡೆಸುವ ಜಾಗದಲ್ಲಿ, ಈ ರೋಗಿ ಈಗ ಏನೇನು ನುಂಗುತ್ತಿದ್ದಾರೆ ಅನ್ನುವ ಪಟ್ಟಿ ಫೈಲಿನ ಮೊದಲ ಪುಟದಲ್ಲಿ ಇರಲೇಬೇಕಲ್ವಾ? ಬರೆಯಲು ಎರಡು ನಿಮಿಷ ಸಾಕು. ಆ ಪಟ್ಟಿ ಇಡದ ಕ್ಲಿನಿಕ್ ಎಷ್ಟೇ ಥಳಥಳ ಹೊಳೆಯಲಿ, ನಂಬಬೇಡಿ. ಹೊಸ ಮಾತ್ರೆ ಬರೆದರೆ "ಹಳೇದು ಯಾವುದು ನಿಲ್ಲಿಸಬೇಕು?" ಎಂದು ಕೇಳಿ, ಚೀಟಿಯಲ್ಲೇ ಬರೆಸಿಕೊಳ್ಳಿ. ಕಂಪನಿ ಇಟ್ಟ ಹೆಸರು ಬಿಡಿ, ಔಷಧಿಯ ಹೆಸರು ಓದಿ. ಎರಡು ಸ್ಟ್ರಿಪ್‌ನಲ್ಲಿ ಅದೇ ಹೆಸರು ಕಂಡರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ನೀವೇ ಸುಮ್ನೆ ನಿಲ್ಲಿಸುವುದೂ ಬೇಡ.

ಈಗ ಅಮ್ಮನನ್ನು ಬೇರೆ ಕಡೆ ತೋರಿಸುತ್ತಿದ್ದೇವೆ. ಮೊದಲ ದಿನ ಅಲ್ಲಿನ ಡಾಕ್ಟರಮ್ಮ ಡಬ್ಬಿಯನ್ನು ಮೇಜಿನ ಮೇಲೆ ಸುರಿಸಿಕೊಂಡು, ಕನ್ನಡಕ ಹಾಕಿಕೊಂಡು, ಒಂದೊಂದೇ ಸ್ಟ್ರಿಪ್ ಓದಿದರು. ಹನ್ನೊಂದು ಬಗೆಯಿದ್ದವು. ಏಳು ಉಳಿದವು.