ಲೈಬ್ರರಿ ಇ-ಬುಕ್‌ಗೆ ಯಾವುದು ಸರಿ: ಸಣ್ಣ ರೀಡರ್, ದೊಡ್ಡ ರೀಡರ್, ಲ್ಯಾಪ್‌ಟಾಪ್?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು 10.3 ಇಂಚಿನ ಇ-ರೀಡರ್‌ಗೆ, ಅಂದರೆ ಪುಸ್ತಕ ಓದಲೆಂದೇ ಮಾಡಿದ ಸಾಧನಕ್ಕೆ. 6 ಇಂಚಿನದ್ದನ್ನು ತಮ್ಮನಿಗೆ ಕೊಟ್ಟಾಯಿತು. ಅವನು ಓದುವುದು ಕಾದಂಬರಿ, ಅದಕ್ಕೆ ಅದು ಹೇಳಿ ಮಾಡಿಸಿದ್ದು. ನನಗೆ ಬೇಕಿದ್ದು ಯೂನಿವರ್ಸಿಟಿ ಲೈಬ್ರರಿಯ ಪುಸ್ತಕಗಳು. ಅವುಗಳ ಗೋಳೇ ಬೇರೆ.

ಪೋರ್ಟಲ್‌ನಲ್ಲಿ ಡೌನ್‌ಲೋಡ್ ಒತ್ತಿದರೆ ಎಷ್ಟೋ ಸಲ ಪುಸ್ತಕ ಬರುವುದೇ ಇಲ್ಲ. ಎಸಿಎಸ್‌ಎಂ ಅನ್ನುವ ಪುಟಾಣಿ ಫೈಲ್ ಬರುತ್ತದೆ. ಅದು ಪುಸ್ತಕ ಪಡೆಯುವ ಚೀಟಿ ಅಷ್ಟೇ. ಅದನ್ನು ಕಂಪ್ಯೂಟರಿನಲ್ಲಿ ಅಡೋಬಿ ಡಿಜಿಟಲ್ ಎಡಿಷನ್ಸ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ತೆರೆಯಬೇಕು. ಅದಕ್ಕೊಂದು ಅಡೋಬಿ ಐಡಿ. ಆಗ ಡಿಆರ್‌ಎಂ ಬೀಗ (ನಕಲು ತಡೆಯುವ ಡಿಜಿಟಲ್ ಬೀಗ) ಬಿದ್ದ ಪಿಡಿಎಫ್ ಅಥವಾ ಇಪಬ್ ಅನ್ನುವ ಇ-ಬುಕ್ ಫೈಲ್ ಇಳಿಯುತ್ತದೆ. ಆಮೇಲೆ ಕೇಬಲ್ ಹುಡುಕಿ, ರೀಡರನ್ನೂ ಅದೇ ಐಡಿಗೆ ಜೋಡಿಸಿ, ಫೈಲ್ ಸಾಗಿಸಬೇಕು. ಐಡಿ ಬೇರೆಯಾದರೆ ಪುಸ್ತಕ ತೆರೆಯುವುದಿಲ್ಲ. ಎರವಲಿನ ಅವಧಿ ಮುಗಿದರೆ ಫೈಲ್ ಇದ್ದಲ್ಲೇ ಇರುತ್ತದೆ, ತೆರೆಯುವುದಿಲ್ಲ. ಅಧ್ಯಾಯ ಅರ್ಧಕ್ಕೆ ನಿಂತಿದ್ದರೆ ಈ ಮೆರವಣಿಗೆ ಮತ್ತೆ ಮೊದಲಿನಿಂದ.

ಈ ಬೀಗ ಎಲ್ಲ ರೀಡರ್‌ಗೂ ಒಗ್ಗುವುದಿಲ್ಲ ಅನ್ನುವುದೇ ಮುಖ್ಯ. ಕೋಬೊ, ಪಾಕೆಟ್‌ಬುಕ್ ತೆರೆಯುತ್ತವೆ. ಕಿಂಡಲ್‌ಗೆ ಬೀಗವಿಲ್ಲದ ಇಪಬ್ ಕಳಿಸಬಹುದು, ಅಡೋಬಿ ಬೀಗದ್ದು ನಡೆಯುವುದಿಲ್ಲ. ಜೆಸ್ಟೋರ್ ಅನ್ನುವ ಆನ್‌ಲೈನ್ ಸಂಶೋಧನಾ ಸಂಗ್ರಹದಲ್ಲಿ ಪುಸ್ತಕದ ಅಧ್ಯಾಯಗಳು ಬೀಗವಿಲ್ಲದ ಪಿಡಿಎಫ್ ಆಗಿಯೇ ಸಿಗುತ್ತವೆ. ಎಲ್ಲರೂ ಹೀಗೇ ಕೊಟ್ಟಿದ್ದರೆ ನಾನು ಇಷ್ಟು ಬರೆಯುತ್ತಲೇ ಇರಲಿಲ್ಲ.

ಇನ್ನು ಪರದೆ. 6 ಇಂಚಿನದ್ದರ ಅಗಲ ಸುಮಾರು 9 ಸೆಂ.ಮೀ. ಪಿಡಿಎಫ್ ಪುಟ ಅದರಲ್ಲಿ ಕುಗ್ಗಿ ಕೂತರೆ ಅಡಿಟಿಪ್ಪಣಿ ಇರುವೆ ಸಾಲು. ಹಿಗ್ಗಿಸಿದರೆ ಪ್ರತಿ ಸಾಲಿಗೂ ಎಡಕ್ಕೆ ಬಲಕ್ಕೆ ಎಳೆದಾಟ. 10.3 ಇಂಚಿನಲ್ಲಿ ಅಗಲ ಸುಮಾರು 15.7 ಸೆಂ.ಮೀ. ಮಾಮೂಲಿ ಪುಸ್ತಕದ ಪುಟ ಹೆಚ್ಚುಕಮ್ಮಿ ಪೂರ್ತಿ ಕೂರುತ್ತದೆ. ಇಪಬ್ ಆದರೆ ಸಣ್ಣ ಪರದೆಗೂ ಹೊಂದಿಕೊಳ್ಳುತ್ತದೆ ನಿಜ, ಆದರೆ ಹಲವು ಇಪಬ್‌ಗಳಲ್ಲಿ ಮುದ್ರಿತ ಪುಟಸಂಖ್ಯೆ ಇರುವುದಿಲ್ಲ. ಉಲ್ಲೇಖ ಕೊಡುವವರು ಏನು ಮಾಡಬೇಕು?

ಲ್ಯಾಪ್‌ಟಾಪ್‌ನಲ್ಲಿ ಬ್ರೌಸರಿನಲ್ಲೇ ಓದಿದರೆ ಚೀಟಿ, ಕೇಬಲ್ ಯಾವುದೂ ಬೇಡ. ಹುಡುಕಲು, ಬಣ್ಣದ ನಕ್ಷೆ ನೋಡಲು ಅದೇ ವಾಸಿ. ಕಾಪಿ, ಪ್ರಿಂಟ್‌ಗೆ ಮಾತ್ರ ಸಾಮಾನ್ಯವಾಗಿ ಪುಟಗಳ ಮಿತಿ ಇರುತ್ತದೆ. ಜಾಸ್ತಿ ಹೊತ್ತು ಓದಿದರೆ ನನ್ನ ಕಣ್ಣು ಉರಿಯುತ್ತದೆ. ಒಂದು ಸಲಕ್ಕೆ ಒಬ್ಬರೇ ಓದುವ ಲೈಸೆನ್ಸ್ ಇರುವ ಪುಸ್ತಕವಾದರೆ ಯಾವ ಸಾಧನ ಇದ್ದರೂ ಅಷ್ಟೇ, ಬೇರೆಯವರು ಬಿಡುವವರೆಗೆ ಕಾಯಬೇಕು. ಡಿಜಿಟಲ್ ಪುಸ್ತಕಕ್ಕೂ ಸರದಿ ಅಂದರೆ ನಗು ಬರುತ್ತದೆ, ಅಲ್ವಾ?

ಕಾಗದದ ಪುಸ್ತಕ ಕಪಾಟಿನಲ್ಲಿದ್ದರೆ ನಾನು ಈಗಲೂ ಅದನ್ನೇ ತರುತ್ತೇನೆ.

ನಾನು ರಾತ್ರಿ ಉದ್ದಕ್ಕೂ ಕೂತು ಓದುವವಳು, ಅದಕ್ಕೇ ದೊಡ್ಡ ರೀಡರ್‌ಗೆ ದುಡ್ಡು ಹಾಕಿದೆ. ಅಲ್ಲೊಂದು ಇಲ್ಲೊಂದು ಪುಟ ನೋಡುವವರು ಸುಮ್ನೆ ಖರ್ಚು ಮಾಡಬೇಡಿ, ಲ್ಯಾಪ್‌ಟಾಪ್ ಸಾಕು. ಬಜೆಟ್ ಬಿಗಿ ಅಂತ 6 ಇಂಚಿನದ್ದಕ್ಕೆ ಕೈ ಹಾಕುವ ಮುನ್ನ ನಿಮ್ಮ ಲೈಬ್ರರಿಯ ಪೋರ್ಟಲ್‌ನಲ್ಲಿ ಒಂದು ಪುಸ್ತಕ ಇಳಿಸಿ, ಬರುವುದು ಯಾವ ಫೈಲ್ ಅಂತ ನೋಡಿಕೊಳ್ಳಿ.